ಎರವಲಿನ ಲೆಕ್ಕ

ಮೊಬೈಲ್ ಫೋನಿನ ತೆರೆಯ ಮೇಲೆ 'ಸ್ತ್ರೀ' ಎಂಬ ಒಂದು ಅಕ್ಷರ ಮೂಡಬೇಕಾದರೆ ಒಳಗೆ ನಡೆಯುವ ವ್ಯವಹಾರ ಸಣ್ಣದಲ್ಲ. ಯಂತ್ರದ ನೆನಪಿನಲ್ಲಿ ಅದು ಒಂದು ಅಕ್ಷರವಾಗಿ ಇರುವುದೇ ಇಲ್ಲ. ಸಕಾರ, ಹಲಂತದ ಗುರುತು, ತಕಾರ, ಮತ್ತೆ ಹಲಂತದ ಗುರುತು, ರಕಾರ, ಕಡೆಯಲ್ಲಿ ಈಕಾರದ ಗುರುತು, ಹೀಗೆ 6 ಬಿಡಿ ಸಂಕೇತಗಳ ಸಾಲಾಗಿ ಇರುತ್ತದೆ. ಇವನ್ನು ಕೂಡಿಸಿ, ತ ಒತ್ತು ಎಲ್ಲಿ ಕೂರಬೇಕು, ರ ಒತ್ತು ಅದರ ಪಕ್ಕಕ್ಕೆ ಎಷ್ಟು ಸರಿಯಬೇಕು, ದೀರ್ಘ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಆಂಡ್ರಾಯ್ಡ್ ಫೋನುಗಳಲ್ಲಿ ಮಾಡುವುದು 'ಹಾರ್ಫ್‌ಬಜ್' ಎಂಬ ತಂತ್ರಾಂಶ. ಹೆಸರು ಪಾರಸಿ ಮೂಲದ್ದು. 'ಹರ್ಫ್' ಎಂದರೆ ಅಕ್ಷರ, 'ಬಾಜ್' ಎಂದರೆ ತೆರೆದದ್ದು. ಅದರ ಮುಖ್ಯ ಕರ್ತೃ ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಹ್‌ಬೋದ್ ಎಂಬವರು. ಕನ್ನಡದ ಒತ್ತಕ್ಷರ ನೆಟ್ಟಗೆ ಕೂತಿತೆಂದು ಸಂತೋಷಪಡುವ ನಮ್ಮಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿದ್ದೇವೆ? ಫೋನನ್ನು ಮಾರಿದ ಕಂಪನಿ ಇದನ್ನು ಬರೆದದ್ದಲ್ಲ. ಅದು ಎರವಲು ತಂದದ್ದು.

ಎರವಲು ಎಂಬುದು ಇಲ್ಲಿ ನಾಚಿಕೆಯ ಮಾತೇನೂ ಅಲ್ಲ. ತಂತ್ರಾಂಶದ ಪ್ರಪಂಚ ನಿಂತಿರುವುದೇ ಅದರ ಮೇಲೆ. ಬ್ಯಾಂಕಿಗೋ ರೈಲ್ವೆ ಟಿಕೆಟ್ಟಿನ ಕಚೇರಿಗೋ ಬೇಕಾದ ಪ್ರೋಗ್ರಾಮನ್ನು ಬರೆಯಲು ಕುಳಿತವನು ದಿನಾಂಕದ ಲೆಕ್ಕ ಹಾಕುವ ಭಾಗವನ್ನಾಗಲಿ, ಕಡತವನ್ನು ಕುಗ್ಗಿಸುವ ಭಾಗವನ್ನಾಗಲಿ, ಗುಟ್ಟಿನ ಸಂದೇಶವನ್ನು ಮರೆಮಾಚುವ ಭಾಗವನ್ನಾಗಲಿ ತಾನೇ ಬರೆಯುವುದಿಲ್ಲ, ಬರೆಯಲೂಬಾರದು. ಬಲ್ಲವರು ಬರೆದು, ಎಲ್ಲರಿಗೂ ಸಿಗುವಂತೆ ಇಟ್ಟಿರುವ ಕಟ್ಟುಗಳನ್ನು ತಂದು ಜೋಡಿಸಿಕೊಳ್ಳುತ್ತಾನೆ. ಆ ಕಸುಬಿನವರು ಈ ಕಟ್ಟಿಗೆ 'ಲೈಬ್ರರಿ' ಎನ್ನುತ್ತಾರೆ. ಅದನ್ನು ನೆಚ್ಚಿಕೊಂಡಿರುವ ಸ್ಥಿತಿಗೆ 'ಡಿಪೆಂಡೆನ್ಸಿ' ಎನ್ನುತ್ತಾರೆ. ನಾವು ಅವಲಂಬನೆ ಎನ್ನೋಣ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ತಂದ ಕಟ್ಟು ತಾನೂ ಬೇರೆ ಕಟ್ಟುಗಳನ್ನು ಅವಲಂಬಿಸಿರುತ್ತದೆ, ಅವು ಇನ್ನಷ್ಟನ್ನು. ಇಪ್ಪತ್ತು ನೆಂಟರನ್ನು ಕರೆದವನ ಮನೆಗೆ ನೂರಾರು ಮಂದಿ ಬಂದು ಕುಳಿತಿರುತ್ತಾರೆ. ಇಪ್ಪತ್ತರ ಹೆಸರು ಅವನಿಗೆ ಗೊತ್ತು. ಉಳಿದವರು ಯಾರು, ಯಾವಾಗ ಬಂದರು, ಯಾರ ಕಡೆಯವರು ಎಂಬುದು ಅವನಿಗೆ ಗೊತ್ತಿಲ್ಲ.

ಹೀಗೆ ಬಂದವುಗಳ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಎರಡು. ಇದರಲ್ಲಿ ಕಳ್ಳನಿಗೆ ದಾರಿಯಾಗುವ ಬಿರುಕಿದೆಯೆ? ಇದನ್ನು ಬಳಸಲು ನಮಗಿರುವ ಹಕ್ಕೇನು? ಮೊದಲನೆಯದು ಭದ್ರತೆಯ ಪ್ರಶ್ನೆ, ಎರಡನೆಯದು ಲೈಸೆನ್ಸಿನ ಪ್ರಶ್ನೆ. ಎರಡಕ್ಕೂ ಉತ್ತರ ಹುಡುಕುವ ಯಂತ್ರಸಾಧನಗಳು ಈಗ ಧಾರಾಳವಾಗಿವೆ. ಆದರೆ ಅವು ಬಹುಮಟ್ಟಿಗೆ ಮೇಲೆ ಅಂಟಿಸಿದ ಚೀಟಿಯನ್ನು ಓದುತ್ತವೆಯೇ ಹೊರತು ಡಬ್ಬಿಯ ಒಳಗಿರುವುದನ್ನಲ್ಲ. ಈ ಮಾತನ್ನು ಕೆಲವು ನಿಜ ಘಟನೆಗಳ ಮೂಲಕ ವಿವರಿಸುತ್ತೇನೆ.

ಅವಲಂಬನೆ ಎಷ್ಟು ದೂರ ಹರಡಿರಬಹುದೆಂಬುದನ್ನು ಜಗತ್ತಿಗೆ ತೋರಿಸಿದ್ದು 2016ರ ಮಾರ್ಚ್ ತಿಂಗಳ ಒಂದು ಘಟನೆ. ಜಾವಾಸ್ಕ್ರಿಪ್ಟ್ ಭಾಷೆಯ ಕಟ್ಟುಗಳಿಗೆಲ್ಲ 'ಎನ್‌ಪಿಎಂ' ಎಂಬ ಒಂದು ಸಾರ್ವಜನಿಕ ಉಗ್ರಾಣವಿದೆ. ಅದರಲ್ಲಿ 'ಲೆಫ್ಟ್-ಪ್ಯಾಡ್' ಎಂಬ ಕಟ್ಟು ಇತ್ತು. ಇದ್ದದ್ದು 11 ಸಾಲು. ಒಂದು ಪದದ ಎಡಗಡೆಗೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಗಳನ್ನೋ ತುಂಬಿ ನಿಗದಿಯಾದ ಉದ್ದಕ್ಕೆ ತರುವುದು ಅದರ ಕೆಲಸ. ಅದರ ಕರ್ತೃವಿಗೂ ಒಂದು ಕಂಪನಿಗೂ ಅವನ ಮತ್ತೊಂದು ಕಟ್ಟಿನ ಹೆಸರಿನ ಬಗ್ಗೆ ಜಗಳವಾಗಿ, ಉಗ್ರಾಣದವರು ಹೆಸರನ್ನು ಕಂಪನಿಗೆ ಕೊಟ್ಟರು. ಮನನೊಂದ ಕರ್ತೃ ತಾನು ಇಟ್ಟಿದ್ದ 250ಕ್ಕೂ ಹೆಚ್ಚು ಕಟ್ಟುಗಳನ್ನು ವಾಪಸು ತೆಗೆದುಕೊಂಡ. ಆ 11 ಸಾಲನ್ನು ನೇರವಾಗಿಯೋ ಮೂರನೆಯವರ ಮೂಲಕವೋ ನೆಚ್ಚಿಕೊಂಡಿದ್ದ ಅಸಂಖ್ಯ ಪ್ರೋಗ್ರಾಮುಗಳನ್ನು ಹೊಸದಾಗಿ ಕಟ್ಟುವುದು ಆ ಕ್ಷಣದಿಂದ ಅಸಾಧ್ಯವಾಯಿತು. ಕೆಲವು ಗಂಟೆಗಳಲ್ಲಿ ಉಗ್ರಾಣದವರೇ ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಮಧ್ಯಾಹ್ನದ ಹರಟೆಯ ಹೊತ್ತಿನಲ್ಲಿ ಬರೆದು ಮುಗಿಸಬಹುದಾದ 11 ಸಾಲಿಗಾಗಿ ಇಷ್ಟು ಗದ್ದಲವೇ ಎಂದು ಹಲವರು ನಕ್ಕರು. ತಮ್ಮ ಪ್ರೋಗ್ರಾಮಿನಲ್ಲಿ ಆ ಸಾಲುಗಳಿವೆಯೆಂದು ಹಿಂದಿನ ದಿನದವರೆಗೂ ತಿಳಿಯದಿದ್ದವರು ಮಾತ್ರ ನಗಲಿಲ್ಲ.

ಇದರಲ್ಲಿ ಯಾರ ಹಣವೂ ಕಳುವಾಗಲಿಲ್ಲ. ಮರುವರ್ಷದ ಪ್ರಕರಣ ಹಾಗಲ್ಲ. ಅಮೆರಿಕದಲ್ಲಿ 'ಎಕ್ವಿಫ್ಯಾಕ್ಸ್' ಎಂಬ ಸಂಸ್ಥೆಯಿದೆ. ಯಾರು ಎಲ್ಲಿ ಸಾಲ ತೆಗೆದರು, ಯಾರು ಸಕಾಲಕ್ಕೆ ತೀರಿಸಿದರು ಎಂಬ ದಾಖಲೆಗಳನ್ನು ಇಟ್ಟುಕೊಂಡು ಸಾಲ ಕೊಡುವವರಿಗೆ ಮಾರುವುದು ಅದರ ವ್ಯಾಪಾರ. ಗ್ರಾಹಕರು ತಕರಾರು ಸಲ್ಲಿಸುವುದಕ್ಕೆ ಅದು ಇಟ್ಟಿದ್ದ ಅಂತರಜಾಲ ಕಿಟಕಿಯ ಹಿಂದೆ 'ಅಪಾಚೆ ಸ್ಟ್ರಟ್ಸ್' ಎಂಬ ಎರವಲು ಚೌಕಟ್ಟು ಇತ್ತು. 2017ರ ಮಾರ್ಚ್ 7ರಂದು ಆ ಚೌಕಟ್ಟಿನ ಕರ್ತೃಗಳು ಅದರಲ್ಲೊಂದು ಬಿರುಕಿದೆಯೆಂದು ಸಾರಿ, ಅದನ್ನು ಮುಚ್ಚಿದ ಹೊಸ ಆವೃತ್ತಿಯನ್ನೂ ಜೊತೆಗೇ ಬಿಡುಗಡೆ ಮಾಡಿದರು. ಎರಡು ದಿನದೊಳಗೆ ಸಂಸ್ಥೆಯ ಒಳಗೆ ಸುತ್ತೋಲೆಯೂ ಹೋಯಿತು: ಸ್ಟ್ರಟ್ಸ್ ಇರುವವರೆಲ್ಲ ಸರಿಪಡಿಸಿಕೊಳ್ಳಿ ಎಂದು. ಇದೆಯೇ ಎಂದು ಹುಡುಕುವ ಸಾಧನವನ್ನೂ ಓಡಿಸಿದರು. ಅದಕ್ಕೆ ಏನೂ ಕಾಣಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅದೇ ಬಿರುಕಿನಿಂದ ಒಳನುಗ್ಗಿದರು. ಜುಲೈ ಕೊನೆಯವರೆಗೆ ಯಾರ ಕಣ್ಣಿಗೂ ಬೀಳದೆ ಓಡಾಡಿಕೊಂಡಿದ್ದರು. ಸುಮಾರು 14 ಕೋಟಿ 70 ಲಕ್ಷ ಜನರ ಹೆಸರು, ಜನ್ಮದಿನಾಂಕ, ಸರ್ಕಾರಿ ಗುರುತಿನ ಸಂಖ್ಯೆ ಪರರ ಪಾಲಾಯಿತು. ಅವರಲ್ಲಿ ಬಹುಪಾಲು ಮಂದಿ ಆ ಸಂಸ್ಥೆಯೊಂದಿಗೆ ತಾವಾಗಿ ಯಾವ ವ್ಯವಹಾರಕ್ಕೂ ಹೋದವರಲ್ಲ ಎಂಬುದನ್ನು ನೆನಪಿಡಬೇಕು. ಗುಪ್ತಪದವನ್ನಾದರೆ ಬದಲಾಯಿಸಬಹುದು, ಜನ್ಮದಿನಾಂಕವನ್ನು ಬದಲಾಯಿಸಿಕೊಳ್ಳುವುದು ಹೇಗೆ?

ಇಲ್ಲಿ ಕೊರತೆ ಬಿದ್ದದ್ದು ಔಷಧಿಯಲ್ಲ. ಔಷಧಿ ಎರಡು ತಿಂಗಳು ಮೊದಲೇ ಸಿದ್ಧವಾಗಿತ್ತು. ಕೊರತೆ ಬಿದ್ದದ್ದು ಪಟ್ಟಿ. ಯಾವ ಯಂತ್ರದಲ್ಲಿ, ಯಾವ ಪ್ರೋಗ್ರಾಮಿನೊಳಗೆ, ಯಾವ ಕಟ್ಟಿನ ಎಷ್ಟನೆಯ ಆವೃತ್ತಿ ಇದೆ ಎಂಬ ನಂಬಲರ್ಹವಾದ ಪಟ್ಟಿ. ಪರಿಶೀಲನೆಯೆಂಬ ದೊಡ್ಡ ಮಾತಿನ ಮುಕ್ಕಾಲುಪಾಲು ಈ ಗುಮಾಸ್ತೆಯ ಕೆಲಸವೇ. ಪಟ್ಟಿಯಿದ್ದರೆ ಮುಂದಿನದು ಹೋಲಿಕೆ: 1999ರಿಂದ ಜಗತ್ತಿನಲ್ಲಿ ಬೆಳಕಿಗೆ ಬಂದ ಬಿರುಕುಗಳಿಗೆ ಒಂದೊಂದು ಕ್ರಮಸಂಖ್ಯೆ ಕೊಟ್ಟು ದಾಖಲಿಸುವ 'ಸಿವಿಇ' ಎಂಬ ಬಹಿರಂಗ ಸೂಚಿಯಿದೆ, ನಮ್ಮ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದು. 2021ರ ಡಿಸೆಂಬರಿನಲ್ಲಿ 'ಲಾಗ್‌ಫೋರ್‌ಜೆ' ಎಂಬ ಕಟ್ಟಿನ ಬಿರುಕು ಹೊರಬಿದ್ದಾಗ ಕಚೇರಿ ಕಚೇರಿಗಳಲ್ಲಿ ರಾತ್ರಿಯೆಲ್ಲ ದೀಪ ಉರಿದದ್ದು ಪಟ್ಟಿಯಿಲ್ಲದ ಕಾರಣಕ್ಕೆ. ಆ ಕಟ್ಟಿನ ಕೆಲಸ ನಡೆದದ್ದನ್ನು ದಾಖಲೆಯ ಪುಸ್ತಕದಲ್ಲಿ ಬರೆದುಕೊಳ್ಳುವುದು, ಅಷ್ಟೆ. ಆದರೆ ಬಾಗಿಲಲ್ಲಿ ಕೂತ ಗುಮಾಸ್ತೆ, ಬಂದವನು ಹೆಸರಿನ ಜಾಗದಲ್ಲಿ 'ಹೊರಗಿನ ಆ ಮನೆಯಿಂದ ಇಂಥ ಪೆಟ್ಟಿಗೆಯನ್ನು ತಂದು ಒಳಗೆ ಬಿಚ್ಚು' ಎಂದು ಬರೆಸಿದರೆ ಅದನ್ನು ಬರೆದುಕೊಂಡು ಸುಮ್ಮನಿರದೆ ಹಾಗೆಯೇ ನಡೆದುಬಿಟ್ಟರೆ ಹೇಗೋ ಹಾಗೆ ಅದು ವರ್ತಿಸುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಕೆಲವೇ ಸ್ವಯಂಸೇವಕರು. ಬಳಸುತ್ತಿದ್ದವರು ಭೂಮಂಡಲದ ಮಹಾ ಮಹಾ ಸಂಸ್ಥೆಗಳು.

ಪಟ್ಟಿ ಕೊಡಿ ಎಂದು ಸರ್ಕಾರಗಳೂ ಈಗ ಕೇಳತೊಡಗಿವೆ. 2021ರ ಮೇ ತಿಂಗಳ ಅಧ್ಯಕ್ಷೀಯ ಆಜ್ಞೆಯೊಂದರಲ್ಲಿ ಅಮೆರಿಕ ಇದನ್ನು ಎತ್ತಿತು. ನಮ್ಮ ಕೇಂದ್ರ ಸರ್ಕಾರದ 'ಸರ್ಟ್-ಇನ್' ಸಂಸ್ಥೆ 2024ರಲ್ಲಿ ಇಂಥ ಪಟ್ಟಿಯಲ್ಲಿ ಏನೇನಿರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಪರದೇಶದ ಗಿರಾಕಿಗಳಿಗೆ ಪ್ರೋಗ್ರಾಮು ಬರೆದುಕೊಡುವ ಬೆಂಗಳೂರಿಗೆ ಇದು ದೂರದ ವಿಷಯವಲ್ಲ. ಆದರೆ ಪಟ್ಟಿಯಿಂದ ಇನ್ನೊಂದು ರೋಗ ಹುಟ್ಟುತ್ತದೆ. ಸಾಧನವನ್ನು ಓಡಿಸಿದ ಮೊದಲ ದಿನವೇ ಅದು ಪುಟಗಟ್ಟಲೆ ಎಚ್ಚರಿಕೆಗಳನ್ನು ಕಾರುತ್ತದೆ. ಕಟ್ಟಿನಲ್ಲಿ ಬಿರುಕಿರುವುದು ನಿಜ. ಆದರೆ ಬಿರುಕಿರುವ ಕೋಣೆಗೆ ನಮ್ಮ ಪ್ರೋಗ್ರಾಮು ಕಾಲಿಡುವುದೇ ಇಲ್ಲ, ಆದ್ದರಿಂದ ನಮಗೆ ಬಾಧೆಯಿಲ್ಲ ಎಂಬಂಥವು ಅದರಲ್ಲಿ ಬಹಳ. ಹತ್ತು ಸಲ ಹುಸಿಯಾಗಿ ಬೊಗಳಿದ ನಾಯಿಯ ಹನ್ನೊಂದನೆಯ ಬೊಗಳು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಯಾವುದು ನಮ್ಮ ಮನೆಯ ಬಿರುಕು ಎಂದು ಆಯುವ ಕೆಲಸ ಓದುಬರಹ ಬಲ್ಲ ಮನುಷ್ಯನದೇ.

ಇನ್ನು ಹಕ್ಕಿನ ಪ್ರಶ್ನೆ. ಸಾಹಿತ್ಯಾಸಕ್ತರಾದ ನಿಮಗೆ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಒಂದು 'ಸಾಹಿತ್ಯ ಕೃತಿ'. 1984ರ ತಿದ್ದುಪಡಿಯಿಂದ ಅದು ಆ ಪಂಕ್ತಿಯಲ್ಲಿ ಬಂದು ಕುಳಿತಿದೆ. ಕಾದಂಬರಿಗೂ ಭಾವಗೀತೆಗೂ ಇರುವ ರಕ್ಷಣೆಯೇ ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಮಿಗೂ ಉಂಟು. ರಸಿಕರು ಹುಬ್ಬು ಗಂಟಿಕ್ಕಬಹುದು. ಕಾನೂನಿಗೆ ರಸದ ಗೊಡವೆಯಿಲ್ಲ. ಇದರ ಫಲವೇನೆಂದರೆ, ಬೀದಿಯಲ್ಲಿ ಸಿಕ್ಕಿದ ಹಸ್ತಪ್ರತಿಯನ್ನು ಹೇಗೆ ನಮ್ಮದೆಂದು ಅಚ್ಚು ಹಾಕಿಸಲಾರೆವೋ, ಬಹಿರಂಗವಾಗಿ ಇಟ್ಟಿದೆ ಎಂಬ ಮಾತ್ರಕ್ಕೆ ಪ್ರೋಗ್ರಾಮನ್ನೂ ಹಾಗೆ ಎತ್ತಿಕೊಳ್ಳಲಾರೆವು. ಕರ್ತೃ ಅನುಮತಿ ಕೊಟ್ಟಿರಬೇಕು. ಆ ಅನುಮತಿಪತ್ರವೇ ಲೈಸೆನ್ಸು. ಅನುಮತಿಯ ಮಾತೇ ಇಲ್ಲದ ಕಟ್ಟು ಬಿಟ್ಟಿಯದಲ್ಲ, ಅದು ಮುಟ್ಟಬಾರದ್ದು.

ಅನುಮತಿಗಳಲ್ಲಿ ಎರಡು ದೊಡ್ಡ ಕುಲಗಳಿವೆ. ಒಂದು, ನನ್ನ ಹೆಸರನ್ನು ಅಳಿಸಬೇಡಿ, ಮಿಕ್ಕಂತೆ ಏನು ಬೇಕಾದರೂ ಮಾಡಿಕೊಳ್ಳಿ ಎನ್ನುವುದು. ಎಂಐಟಿ, ಬಿಎಸ್‌ಡಿ ಎಂಬ ಹೆಸರಿನವು ಈ ಕುಲದವು. ಇನ್ನೊಂದು, ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ರೂಪಿಸಿದ 'ಜಿಪಿಎಲ್' ಕುಲ. ಅದರ ಪಟ್ಟು ಬೇರೆ: ನನ್ನದನ್ನು ತೆಗೆದುಕೊಳ್ಳಿ, ತಿದ್ದಿ, ಮಾರಿ, ಆದರೆ ಇದನ್ನು ಸೇರಿಸಿ ಮಾಡಿದ್ದನ್ನು ಪರರಿಗೆ ಕೊಡುವಾಗ ಅದರ ಮೂಲಪಾಠವನ್ನೂ ಕೊಡಬೇಕು, ನಾನು ನಿಮಗೆ ಕೊಟ್ಟ ಸ್ವಾತಂತ್ರ್ಯವನ್ನೇ ನೀವು ಅವರಿಗೆ ಕೊಡಬೇಕು. ಬೆಲೆ ಹಣದಲ್ಲಿಲ್ಲ, ನಡವಳಿಕೆಯಲ್ಲಿದೆ. 'ಲಿಂಕ್‌ಸಿಸ್' ಕಂಪನಿ ಮಾರುತ್ತಿದ್ದ ಮನೆಬಳಕೆಯ ರೌಟರ್ ಪೆಟ್ಟಿಗೆಯೊಳಗೆ ಇಂಥ ಅನುಮತಿಯ ಲಿನಕ್ಸ್ ಇರುವುದನ್ನು 2003ರಲ್ಲಿ ಕುತೂಹಲಿಗಳು ಪತ್ತೆ ಹಚ್ಚಿದರು. ಅದೇ ವರ್ಷ ಆ ಕಂಪನಿಯನ್ನು ಕೊಂಡಿದ್ದ 'ಸಿಸ್ಕೊ'ಗೆ ಆ ಪೆಟ್ಟಿಗೆಯ ತಂತ್ರಾಂಶ ಬಂದದ್ದು ಚಿಪ್ಪು ಒದಗಿಸಿದವರಿಂದ, ಮತ್ತು ಅವರಿಗೆ ಕೆಲಸ ಮಾಡಿಕೊಟ್ಟ ಮತ್ತೊಬ್ಬರಿಂದ. ಕಂಪನಿಯ ಜೊತೆಗೆ ಋಣವೂ ಬಂತು. ಒತ್ತಾಯ ಬಿದ್ದು ಮೂಲಪಾಠವನ್ನು ಬಿಡುಗಡೆ ಮಾಡಿದರು. ಅದನ್ನಿಟ್ಟುಕೊಂಡು ಬೇರೆಯವರು ಕಟ್ಟಿದ 'ಓಪನ್‌ಡಬ್ಲ್ಯುಆರ್‌ಟಿ' ಎಂಬುದು ಆಮೇಲೆ ನೂರಾರು ಬಗೆಯ ಪೆಟ್ಟಿಗೆಗಳಿಗೆ ಹರಡಿತು. ಸ್ಟಾಲ್ಮನ್ನರ ಪಟ್ಟಿಗೆ ಹಟವೆನ್ನುವವರು ಈ ಫಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಲೈಸೆನ್ಸಿನ ಮಾತೆಲ್ಲ ಒಣ ಕಾನೂನೆಂದು ತಿಳಿಯಬೇಡಿ. ಡಗ್ಲಾಸ್ ಕ್ರಾಕ್‌ಫೋರ್ಡ್ ಎಂಬ ಪ್ರಸಿದ್ಧರು ತಮ್ಮ ಪ್ರೋಗ್ರಾಮಿನ ಅನುಮತಿಪತ್ರಕ್ಕೆ, ಇದನ್ನು ಒಳಿತಿಗೆ ಬಳಸತಕ್ಕದ್ದು, ಕೆಡುಕಿಗಲ್ಲ ಎಂಬ ಅರ್ಥದ ಒಂದು ವಾಕ್ಯ ಸೇರಿಸಿಬಿಟ್ಟರು. ಕೇಳಲು ಎಷ್ಟು ಸೊಗಸು! ವಕೀಲರಿಗೆ ಮಾತ್ರ ತಲೆನೋವು: ಕೆಡುಕು ಎಂದರೇನೆಂದು ಹೇಳುವವರು ಯಾರು? ದೊಡ್ಡ ಕಂಪನಿಯೊಂದರ ವಕೀಲರು, ತಮ್ಮವರಿಗೇನೋ ಕೆಡುಕು ಮಾಡುವ ಉದ್ದೇಶವಿಲ್ಲ, ಗಿರಾಕಿಗಳ ಬಗ್ಗೆ ಭರವಸೆ ಕೊಡಲಾರೆವು ಎಂದು ವಿನಾಯಿತಿ ಕೇಳಿದರಂತೆ, ಇವರು ಕೊಟ್ಟರಂತೆ. ಇದನ್ನು ಕ್ರಾಕ್‌ಫೋರ್ಡರೇ ಭಾಷಣವೊಂದರಲ್ಲಿ ಹೇಳಿ ಸಭೆಯನ್ನು ನಗಿಸಿದ್ದಾರೆ. 'ಅಪಾಚೆ' ಪ್ರತಿಷ್ಠಾನ ಮಾತ್ರ ನಗದೆ, 2016ರಲ್ಲಿ ಆ ಲೈಸೆನ್ಸಿನ ಕಟ್ಟುಗಳನ್ನು ತನ್ನ ಯೋಜನೆಗಳಲ್ಲಿ ಸೇರಿಸಕೂಡದೆಂದು ನಿಷೇಧಿಸಿತು.

ಚೀಟಿಯೇ ಸುಳ್ಳಾದರೆ? 2021ರ ಮಾರ್ಚಿನಲ್ಲಿ ಅದೂ ಆಯಿತು. ರೂಬಿ ಭಾಷೆಯಲ್ಲಿ 'ಮೈಮ್‌ಮ್ಯಾಜಿಕ್' ಎಂಬ ಸಣ್ಣ ಕಟ್ಟು. ಕಡತ ಚಿತ್ರದ್ದೋ ಹಾಡಿನದೋ ಎಂದು ಗುರುತಿಸುವುದು ಅದರ ಕೆಲಸ. ಮೇಲಿನ ಚೀಟಿ ಎಂಐಟಿ, ಅಂದರೆ ಉದಾರ ಕುಲದ್ದು. ಆದರೆ ಅದರೊಳಗಿದ್ದ ಗುರುತಿನ ಕೋಷ್ಟಕ ಜಿಪಿಎಲ್ ಕುಲದ ಮತ್ತೊಂದು ಯೋಜನೆಯಿಂದ ಬಂದದ್ದು. ಆ ಯೋಜನೆಯವರು ಇದನ್ನು ಕಂಡು ಸೌಜನ್ಯದಿಂದಲೇ ತಿಳಿಸಿದರು. ಕಟ್ಟಿನ ಕರ್ತೃ ತನ್ನ ಚೀಟಿಯನ್ನು ತಿದ್ದಿ ಹಳೆಯ ಆವೃತ್ತಿಗಳನ್ನು ಉಗ್ರಾಣದಿಂದ ತೆಗೆದ. 'ರೇಲ್ಸ್' ಎಂಬ ಬಹು ಜನಪ್ರಿಯ ಚೌಕಟ್ಟು ಒಬ್ಬ ಮಧ್ಯವರ್ತಿಯ ಮೂಲಕ ಇದನ್ನು ಅವಲಂಬಿಸಿತ್ತು. ಜಗತ್ತಿನ ಎಷ್ಟೋ ಕಡೆ ಅಂದಿನ ಕೆಲಸ ನಿಂತಿತು. ಚೀಟಿ ಓದುವ ಸಾಧನ ಅದುವರೆಗೆ ಪ್ರತಿದಿನವೂ ಎಲ್ಲ ಕ್ಷೇಮವೆಂದೇ ವರದಿ ಕೊಟ್ಟಿದ್ದೀತು. ಅದು ಸುಳ್ಳು ಹೇಳಲಿಲ್ಲ. ತನಗೆ ಕಂಡದ್ದನ್ನು ಹೇಳಿತು.

ಇದಕ್ಕಿಂತ ಆಳವಾದ ಮೋಸ 2024ರದು. 'ಎಕ್ಸ್‌ಜೆಡ್' ಎಂಬುದು ಕಡತಗಳನ್ನು ಕುಗ್ಗಿಸುವ ಕಟ್ಟು. ಲಿನಕ್ಸ್ ಇರುವಲ್ಲೆಲ್ಲ ಇದೆ. ಅದನ್ನು ವರ್ಷಗಟ್ಟಲೆ ಹೆಚ್ಚುಕಡಮೆ ಒಬ್ಬರೇ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದರು. 2021ರಲ್ಲಿ 'ಜಿಯಾ ಟಾನ್' ಎಂಬ ಹೆಸರಿನ ಒಬ್ಬ ಸಹಾಯಕ ಕಾಣಿಸಿಕೊಂಡ. ಒಳ್ಳೆಯ ತಿದ್ದುಪಡಿಗಳನ್ನೇ ಕಳಿಸುತ್ತಿದ್ದ. ಮರುವರ್ಷ ಎಲ್ಲಿಂದಲೋ ಬಂದ ಅಪರಿಚಿತರು ಕರ್ತೃವನ್ನು ಕಾಡತೊಡಗಿದರು: ಕೆಲಸ ನಿಧಾನ, ನಿಮಗಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು. ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ ಇದು ಹಣ ಬಾರದ ಹವ್ಯಾಸದ ಕೆಲಸವೆಂದೂ ಆತ ಬರೆದ ಉತ್ತರ ಇಂದಿಗೂ ಓದಲು ಸಿಗುತ್ತದೆ. ಓದಿದರೆ ಸಂಕಟವಾಗುತ್ತದೆ. ಕಡೆಗೆ ಬೀಗದ ಕೈ ಸಹಾಯಕನಿಗೂ ದೊರಕಿತು.

2024ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಹೊರಬಂದ ಎರಡು ಆವೃತ್ತಿಗಳಲ್ಲಿ ಒಂದು ಹಿಂಬಾಗಿಲು ಇತ್ತು. ದೂರದಿಂದ ಯಂತ್ರಗಳಿಗೆ ಪ್ರವೇಶ ಕೊಡುವ 'ಎಸ್‌ಎಸ್‌ಎಚ್' ಎಂಬ ದ್ವಾರಪಾಲಕನನ್ನು ವಂಚಿಸಿ, ಗುಟ್ಟಿನ ಕೀಲಿಯುಳ್ಳವನನ್ನು ಒಳಗೆ ಬಿಡುವ ಹಿಂಬಾಗಿಲು. ಅದನ್ನು ಅಡಗಿಸಿದ ರೀತಿ ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಕೂಡಲೇ ಅರ್ಥವಾದೀತು. ಎಲ್ಲರೂ ಓದಬಹುದಾಗಿದ್ದ ಮೂಲಪ್ರತಿಯಲ್ಲಿ ವಿಷವಿದ್ದದ್ದು ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ, ಓದಲಾಗದ ರೂಪದಲ್ಲಿ. ಅದನ್ನು ಎಬ್ಬಿಸುವ ಸಾಲುಗಳು ಮೂಲಪ್ರತಿಯಲ್ಲಿ ಇರಲೇ ಇಲ್ಲ; ಹಂಚಲೆಂದು ಕಟ್ಟಿದ ಪ್ರತಿಯಲ್ಲಿ ಮಾತ್ರ ಇದ್ದವು. ನಾವು ಪ್ರಕ್ಷಿಪ್ತ ಎನ್ನುತ್ತೇವಲ್ಲ, ಅದೇ. ಎರಡು ಪ್ರತಿಗಳನ್ನು ಎದುರುಬದುರು ಇಟ್ಟು ಪಾಠಾಂತರ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. ಹಾಗೆ ನೋಡುವ ಪದ್ಧತಿ ಇರಲಿಲ್ಲ. ಕ್ರಮಸಂಖ್ಯೆಗಳ ಸೂಚಿಯಲ್ಲೂ ಅದು ಇರುವಂತಿಲ್ಲ. ಯಾರೂ ಕಾಣದ ಬಿರುಕಿಗೆ ಸಂಖ್ಯೆ ಕೊಡುವವರು ಯಾರು? ಲೈಸೆನ್ಸೂ ನಿರ್ದೋಷವಾಗಿತ್ತು. ಸಾಧನಗಳು ಕೇಳಬಲ್ಲ ಪ್ರಶ್ನೆಗಳಿಗೆಲ್ಲ ಅದು ಸರಿಯುತ್ತರ ಕೊಡುತ್ತಿತ್ತು.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ಅವರು ಕಳ್ಳನನ್ನು ಹುಡುಕುತ್ತಿರಲಿಲ್ಲ. 'ಪೋಸ್ಟ್‌ಗ್ರೆಸ್' ಎಂಬ ದತ್ತಸಂಚಯದ ವೇಗವನ್ನು ಅಳೆಯುತ್ತಿದ್ದರು. ದ್ವಾರಪಾಲಕ ಒಳಬಿಡುವುದಕ್ಕೆ ಹಿಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿದ್ದಾನೆಂದು ಅವರ ಗಮನಕ್ಕೆ ಬಂತು. ಬೇರೆ ಯಾರಾದರೂ ಆಗಿದ್ದರೆ ಹೊಸ ಆವೃತ್ತಿ, ಹೀಗೆಯೇ ಇರುತ್ತದೆ ಎಂದು ಸುಮ್ಮನಾಗುತ್ತಿದ್ದರು. ಇವರು ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿ ಬುಡದವರೆಗೆ ಹೋಗಿ, ಮಾರ್ಚ್ 29ರಂದು ಬಹಿರಂಗಪಡಿಸಿದರು. ಅಷ್ಟು ಹೊತ್ತಿಗೆ ಆ ಆವೃತ್ತಿ ಕೆಲವು ಲಿನಕ್ಸ್ ವಿತರಣೆಗಳ ಪರೀಕ್ಷಾ ರೂಪಗಳನ್ನು ಸೇರಿತ್ತು. ಊರೂರಿನ ಬ್ಯಾಂಕು, ಆಸ್ಪತ್ರೆಗಳ ಯಂತ್ರಗಳಲ್ಲಿ ನೆಲೆಯೂರುವ ಸ್ಥಿರ ರೂಪಗಳಿಗೆ ಇಳಿದಿರಲಿಲ್ಲ. ಕೆಲವು ವಾರ ತಡವಾಗಿದ್ದರೆ ಇಳಿಯುತ್ತಿತ್ತು. ಜಿಯಾ ಟಾನ್ ಎಂಬ ಹೆಸರು ಅಂದಿನಿಂದ ಮೌನವಾಗಿದೆ.

ಈ ಪ್ರಕರಣದ ಮೇಲೆ ಬಂದ ವ್ಯಾಖ್ಯಾನಗಳಲ್ಲಿ ಹೊಸ ಸಾಧನ ಬೇಕೆಂಬ ಕೂಗೇ ಹೆಚ್ಚು. ಬೇಕು, ಸಂದೇಹವಿಲ್ಲ, ಪ್ರತಿ ಪ್ರತಿಗಳನ್ನು ಹೋಲಿಸುವ ಕೆಲಸವನ್ನಾದರೂ ಯಂತ್ರಕ್ಕೆ ವಹಿಸಬಹುದು. ಆದರೆ ಪಟ್ಟಿಯಲ್ಲಿ ಆವೃತ್ತಿ, ಬಿರುಕು, ಲೈಸೆನ್ಸು ಎಂಬ ಮೂರು ಅಂಕಣಗಳ ಪಕ್ಕದಲ್ಲಿ ನಾಲ್ಕನೆಯದೊಂದು ಇರಬೇಕಿತ್ತು: ಇದನ್ನು ನೋಡಿಕೊಳ್ಳುವವರು ಎಷ್ಟು ಜನ, ಹೇಗಿದ್ದಾರೆ? ಎಕ್ಸ್‌ಜೆಡ್ ವಿಷಯದಲ್ಲಿ ಈ ಪ್ರಶ್ನೆಯ ಉತ್ತರ 2022ರಲ್ಲೇ ಬಹಿರಂಗವಾಗಿ ಬರೆದಿಟ್ಟಿತ್ತು, ಕರ್ತೃವಿನ ಕೈಯಿಂದಲೇ. ಬಳಸುತ್ತಿದ್ದ ಕಂಪನಿಗಳು ಓದಲಿಲ್ಲ. ಹೊಂಚು ಹಾಕಿದ್ದವರು ಓದಿದರು. 2022ರಿಂದ ಜರ್ಮನ್ ಸರ್ಕಾರ ಒಂದು ನಿಧಿಯನ್ನಿಟ್ಟು ಇಂಥ ಬುಡಗಲ್ಲುಗಳನ್ನು ಕಾಯುವವರಿಗೆ ಹಣ ಕೊಡತೊಡಗಿದೆ. ಎರವಲನ್ನೇ ಬಂಡವಾಳ ಮಾಡಿಕೊಂಡು ಬೆಳೆದ ನಮ್ಮ ನಗರಗಳ ಕಂಪನಿಗಳಿಗೂ ಅಂಥದೊಂದು ಖರ್ಚು ಭಾರವಾಗಲಾರದು.

ಎಕ್ಸ್‌ಜೆಡ್ ಕರ್ತೃ ಆಮೇಲೆ ಏನು ಮಾಡಿದರೆಂದು ನೀವು ಕೇಳಬಹುದು. ಬೀಗದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಆ ಸಹಾಯಕನ ಕಾಲದ ತಿದ್ದುಪಡಿಗಳನ್ನು ಪರಿಶೀಲಿಸಿ, 2024ರ ಮೇ 29ರಂದು ಹಿಂಬಾಗಿಲನ್ನು ಕಿತ್ತುಹಾಕಿದ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಅದೂ ಉಚಿತವಾಗಿಯೇ ಸಿಗುತ್ತದೆ.